ಹಿಂದಿನ ಸೀಟಿನವಳು

ಮೈಸೂರಿನ ಮೂಳೆ ಡಾಕ್ಟರು ನನ್ನ ಬೆನ್ನಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ನೀವು ದಿನಾ ಓಡಾಡೋದು ಯಾವುದರಲ್ಲಿ?" ನಾನು ಬಾಯಿ ತೆರೆಯುವ ಮೊದಲೇ ನಮ್ಮ ಯಜಮಾನರು ಶುರು ಹಚ್ಚಿಕೊಂಡರು. ಗಾಡಿ ಯಾವುದು, ಎಷ್ಟು ಸಿಸಿ, ಯಾವ ಕಾಲದ್ದು, ಎಲ್ಲೆಲ್ಲಿಗೆ ಹೋಗಿ ಬಂದಿದೆ, ಒಂದು ಲೀಟರಿಗೆ ಎಷ್ಟು ಕೊಡುತ್ತದೆ, ಎಲ್ಲವನ್ನೂ ಹೆಣ್ಣಿನ ಕಡೆಯವರ ಮುಂದೆ ಗಂಡಿನ ಗುಣ ಹೇಳುವವರ ಹಾಗೆ ಹೇಳಿಬಿಟ್ಟರು. ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

"ಒಳ್ಳೆ ಗಾಡಿನೇ. ಆದರೆ ಅದರ ಹಿಂದೆ ಇನ್ನು ಇವರನ್ನ ಕೂರಿಸಬೇಡಿ," ಎಂದರು. "ಸೊಂಟದ ಹತ್ತಿರ ನರ ಒತ್ತುತ್ತಾ ಇದೆ. ಅಷ್ಟೊಂದು ಕುಲುಕೋ ಗಾಡಿ ಆಗೋದಿಲ್ಲ."

"ಮೆತ್ತಗಿರೋ ಬೇರೆ ಗಾಡಿ ಆದ್ರೆ?" ಇವರು ಬಿಡಲಿಲ್ಲ.

"ಒಂದೆರಡು ತಿಂಗಳು ವ್ಯಾಯಾಮ ಮಾಡಲಿ. ಆಮೇಲೆ ಮೆತ್ತಗಿನ ಸೀಟು, ಒರಗೋದಕ್ಕೆ ಏನಾದರೂ ಇದ್ದರೆ, ಮಧ್ಯೆ ಇಳಿದು ನಡೆದರೆ, ನೋಡಬಹುದು. ಭರವಸೆ ಕೊಡೋದಿಲ್ಲ."

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಆವತ್ತು ಆ ಡಾಕ್ಟರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಬೆನ್ನು ನನ್ನದು, ನೋವು ನನ್ನದು, ಗಾಡಿಯ ಹೆಸರನ್ನು ಏಕೆ ಕೆಡಿಸುತ್ತಾರೆ ಈ ಡಾಕ್ಟರು ಎಂದು ಆಸ್ಪತ್ರೆಯ ಮೆಟ್ಟಿಲು ಇಳಿಯುವವರೆಗೂ ಗೊಣಗಿದೆ. ಕೆಳಗೆ ಬಂದರೆ ಬೇವಿನ ಮರದ ನೆರಳಲ್ಲಿ ಅದು ನಿಂತಿತ್ತು, ಕಪ್ಪು ಟ್ಯಾಂಕಿನ ಮೇಲೆ ಧೂಳು ಹೊದ್ದುಕೊಂಡು. ನನಗೆ ಅಳು ಬಂದುಬಿಟ್ಟಿತು.

ನಮ್ಮದು ಕೊಳ್ಳೇಗಾಲ. ನಾನು ಹನೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನಮ್ಮ ಯಜಮಾನರು ರಾಮಾಪುರದ ಕಡೆ ಲೈನ್‌ಮ್ಯಾನ್. ಇಪ್ಪತ್ತು ವರ್ಷಕ್ಕೂ ಮೀರಿ ನಮ್ಮ ಬೆಳಗು ಒಂದೇ ಬಗೆ. ಮಧುವನಹಳ್ಳಿ, ಕಾಮಗೆರೆ ದಾಟಿ ಹನೂರಿನ ಸ್ಕೂಲಿನ ಗೇಟಿನ ಮುಂದೆ ನನ್ನನ್ನು ಇಳಿಸಿ ಅವರು ರಾಮಾಪುರಕ್ಕೆ ಹೋಗುತ್ತಿದ್ದರು. ಸಂಜೆ ಅದೇ ಗೇಟಿನ ಮುಂದೆ ಬಂದು ಹಾರ್ನ್ ಮಾಡುತ್ತಿದ್ದರು. ಹಾರ್ನ್ ಬೇಕಿರಲಿಲ್ಲ. ಆ ಗಾಡಿಯ ದಡದಡ ಸದ್ದು ಊರಾಚೆಯಿಂದಲೇ ಕೇಳುತ್ತಿತ್ತು, ನಾನು ಪಾಠ ನಿಲ್ಲಿಸುವ ಮೊದಲೇ ಮಕ್ಕಳು ಪುಸ್ತಕ ಮುಚ್ಚುತ್ತಿದ್ದರು. ಮನೆಯಲ್ಲಿ ನಮ್ಮತ್ತೆಯದೂ ಅದೇ ಲೆಕ್ಕ. ಬೀದಿಯ ತಿರುವಿನಲ್ಲಿ ಸದ್ದು ಕೇಳಿದರೆ ಮುದ್ದೆಗೆ ಎಸರಿಡುವುದು. ನಾವು ಕೈಕಾಲು ತೊಳೆದು ಬರುವ ಹೊತ್ತಿಗೆ ಹಿಟ್ಟು ಬೇಯುತ್ತಿರುತ್ತಿತ್ತು.

ನಮ್ಮತ್ತೆ ಶಾಗ್ಯದವರು. ಎಮ್ಮೆ, ಹಸು, ಎತ್ತುಗಳ ನಡುವೆ ಬೆಳೆದು, ಅವುಗಳ ನಡುವೆಯೇ ಸಂಸಾರ ಮಾಡಿ, ಆಮೇಲೆ ನಮ್ಮ ಜೊತೆ ಪೇಟೆಗೆ ಬಂದವರು. ಗಾಡಿ ತಂದ ಹೊಸದರಲ್ಲಿ ನಾನು ಸೀರೆ ಉಟ್ಟು ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುತ್ತಿದ್ದೆ. ಅತ್ತೆ ಎದುರಿಗೆ ಬೇರೆ ಥರ ಕೂರುವ ಧೈರ್ಯ ನನಗಿರಲಿಲ್ಲ. ಒಂದು ದಿನ ಅವರೇ ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದರು.

"ಅದೇನವ್ವ ಅಂಗ್ ಕೂತಿದ್ದೀಯೆ, ಗಾಡಿ ಮ್ಯಾಲೆ ಮೂಟೆ ಆಕ್ದಂಗೆ? ಬಿದ್ದೋದ್ರೆ ಯಾರ್ ಎತ್ತಾರು? ಎರಡೂ ಕಡೆಗೆ ಕಾಲಾಕ್ಕಂಡು ಗಟ್ಟಿಯಾಗ್ ಕೂತ್ಕೊ. ಅದೆಂತದೋ ಚೂಡಿದಾರ ಅಂತಾರಲ್ಲ, ಅದ್ನ ಒಲಿಸ್ಕೊ ಓಗು," ಎಂದರು.

ಯಾವ ಸೊಸೆಗೆ ಇಂಥ ಅಪ್ಪಣೆ ಸಿಗುತ್ತದೆ ಹೇಳಿ. ನಾನು ಅವತ್ತೇ ಟೈಲರ್ ಅಂಗಡಿಗೆ ಓಡಿದೆ. ಆ ಗಾಡಿಯ ಋಣ ನೆನೆಯುವಾಗ ನಮ್ಮತ್ತೆಯ ಋಣವನ್ನೂ ಸೇರಿಸಿಯೇ ನೆನೆಯಬೇಕು.

ಪ್ರತಿ ದಸರಾ ರಜೆಗೆ ನಾವು ಹೊರಡುತ್ತಿದ್ದೆವು. ಮಗಳು ಚಿಕ್ಕವಳಿದ್ದಾಗ ಅವಳು ಟ್ಯಾಂಕಿನ ಮೇಲೆ, ಅವಳು ದೊಡ್ಡವಳಾಗಿ ಅಜ್ಜಿಯ ಜೊತೆ ಮನೆಯಲ್ಲೇ ಇರುತ್ತೇನೆ ಎಂದ ಮೇಲೆ ನಾವಿಬ್ಬರೇ. ರಾಮೇಶ್ವರ, ಕನ್ಯಾಕುಮಾರಿ, ಹಂಪಿ, ಗೋಕರ್ಣ, ಒಂದು ಸಲ ಪಂಢರಾಪುರದವರೆಗೂ. ಟಾರ್ಪಾಲು ಹೊಲಿಯುವವನ ಹತ್ತಿರ ಹೇಳಿ ಮಾಡಿಸಿದ ಎರಡು ಚೀಲ ಹಿಂದೆ ಆಚೀಚೆ ತೂಗುತ್ತಿದ್ದವು. ಒಂದರಲ್ಲಿ ಬಟ್ಟೆ, ಇನ್ನೊಂದರಲ್ಲಿ ಹುರಿಹಿಟ್ಟು, ಬೆಲ್ಲ, ಹುಣಸೆ ಗೊಜ್ಜು, ಕಡಲೆಕಾಯಿ. ನಮ್ಮವರಿಗೆ ದಾರಿ ಗೊತ್ತು, ದಾರಿ ಬಿಟ್ಟು ಬೇರೇನೂ ಗೊತ್ತಿಲ್ಲ. ಗುಂಡಿ ಎಲ್ಲಿ, ಲಾರಿ ಎಲ್ಲಿ, ಪೆಟ್ರೋಲ್ ಎಷ್ಟಿದೆ, ಇಷ್ಟೇ ಅವರ ಪ್ರಪಂಚ. ಅಕ್ಕಪಕ್ಕದ್ದೆಲ್ಲ ನನ್ನ ಪಾಲಿಗೆ. ಹೊಲದಲ್ಲಿ ನಿಂತ ಹೆಂಗಸರು, ಕೆರೆ ಏರಿ, ಬಾಗಿಲಲ್ಲಿ ತಲೆ ಬಾಚಿಕೊಳ್ಳುವ ಹುಡುಗಿ, ಮನೆಯ ಗೋಡೆಗೆ ಒರಗಿಸಿದ ನೇಗಿಲು. ಇಳಿದ ಮೇಲೆ ನಾನು ಇದನ್ನೆಲ್ಲ ಹೇಳಿದರೆ ಅವರು "ಔದಾ? ಅದೆಲ್ಲಿತ್ತು?" ಎನ್ನುತ್ತಿದ್ದರು. ಒಂದೇ ಗಾಡಿಯಲ್ಲಿ ಇಬ್ಬರೂ ಬೇರೆ ಬೇರೆ ಊರು ನೋಡಿ ಬರುತ್ತಿದ್ದೆವು.

ಓಡುವಾಗ ಮಾತಿಲ್ಲ. ಆ ಸದ್ದಿನಲ್ಲಿ, ಹೆಲ್ಮೆಟ್ಟಿನೊಳಗೆ, ಗಾಳಿಯಲ್ಲಿ ಯಾರ ಮಾತು ಯಾರಿಗೆ ಕೇಳಬೇಕು? ಭುಜ ತಟ್ಟಿದರೆ ನಿಲ್ಲಿಸಿ ಎಂದು ಅರ್ಥ, ಗಿಲ್ಲಿದರೆ ನಿಧಾನ ಎಂದು ಅರ್ಥ. ಬಾಯಿಬಡುಕಿಯಾದ ನನ್ನನ್ನು ಇಡೀ ದಿನ ಸುಮ್ಮನಿರಿಸುವ ಶಕ್ತಿ ಇದ್ದದ್ದು ಆ ಗಾಡಿಯೊಂದಕ್ಕೇ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ರೇಗಿಸುತ್ತಿದ್ದರು.

ರಾಮೇಶ್ವರದಿಂದ ಹಿಂದಿರುಗುವಾಗ ಒಮ್ಮೆ ಅಂದಿಯೂರಿನಿಂದ ಬರಗೂರು ಘಾಟಿ ಹತ್ತಿ ಬಂದೆವು. ಹೂಗ್ಯಂ ಹತ್ತಿರ ಬರುವಷ್ಟರಲ್ಲಿ ಕ್ಲಚ್ ವೈರು ಕಿತ್ತುಹೋಯಿತು. ಮಳೆ ಬೇರೆ. ಕಾಡಂಚಿನ ಊರು, ಇನ್ನೇನು ಕತ್ತಲಾಗುತ್ತದೆ. ತಳ್ಳಿಕೊಂಡು ಹೋಗಿ ಮೊದಲು ಸಿಕ್ಕ ಮನೆಯ ಮುಂದೆ ನಿಂತೆವು. ಆ ಮನೆಯ ಹೆಂಗಸು ನಾವು ಯಾರು, ಏನು ಎಂದು ಕೇಳುವ ಮೊದಲೇ ಒಣಗಿದ ಟವೆಲು ಕೊಟ್ಟಳು. ಮುದ್ದೆ, ಹುರುಳಿ ಸಾರು ಬಡಿಸಿ, "ಸಾಪ್ಡುಂಗವ್ವ, ನಾಚ್ಕಬ್ಯಾಡಿ, ಉಣ್ಣಿ," ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಉಪಚಾರ ಮಾಡಿದಳು. ಗಾಡಿ ನೆನೆಯಬಾರದೆಂದು ಅವಳ ಗಂಡ ಅದನ್ನು ಕೊಟ್ಟಿಗೆಗೆ ತಳ್ಳಿ ಹಸುಗಳ ಪಕ್ಕ ನಿಲ್ಲಿಸಿದ. ಬೆಳಿಗ್ಗೆ ಎದ್ದು ನೋಡಿದರೆ ನನ್ನ ಸೀಟಿನ ಮೇಲೆ ಒಂದು ಕೋಳಿ ಕೂತಿತ್ತು, ಕದಲುವ ಯೋಚನೆಯೇ ಅದಕ್ಕಿರಲಿಲ್ಲ. ಕಾರಿನಲ್ಲಿ ಹೋಗುವವರಿಗೆ ಗಾಜು ಏರಿಸಿ ಕೂರುವ ಅನುಕೂಲ ಇರುತ್ತದೆ, ನಮಗೆ ಇರಲಿಲ್ಲ. ಆದ್ದರಿಂದಲೇ ಎಷ್ಟೋ ಮನೆಗಳಲ್ಲಿ ಉಂಡೆವು.

ಇಂಥ ಗಾಡಿಯನ್ನು ಬದಲಾಯಿಸಬೇಕು ಎಂದರೆ ಹೇಗೆ? ಮೈಸೂರಿನಿಂದ ಬಂದ ಮೇಲೆ ನಮ್ಮವರು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಊಟದ ಹೊತ್ತಿಗೆ ಮಾತೆತ್ತಿದರು.

"ಮಾರ್ಬುಡಾನ ಕಣಮ್ಮಿ. ಮೆತ್ತುಗಿರಾದು ಒಂದ್ ತಕಳಾನ."

"ನನ್ನ ಬೆನ್ನಿಗೋಸ್ಕರ ಗಾಡಿ ಮಾರಿದ್ರು ಅನ್ನೋ ಮಾತು ನಂಗೆ ಬ್ಯಾಡ ಕಣ್ರೀ. ನೀವು ಓಡ್ಸಿ. ನಾನು ಬಸ್ಸಲ್ಲಿ ಓಡಾಡ್ತೀನಿ."

"ರಜಕ್ಕೆ?"

"ರಜಕ್ಕೆ ನೀವೊಬ್ರೇ ಓಗಿ ಬನ್ನಿ."

ಹೇಳುವುದು ಹೇಳಿದೆ, ಆದರೆ ನನ್ನ ಹೆದರಿಕೆ ಬೇರೆಯೇ ಇತ್ತು. ಡಾಕ್ಟರು ಭರವಸೆ ಕೊಡುವುದಿಲ್ಲ ಎಂದಿದ್ದರಲ್ಲ. ಹಳೆಯದನ್ನು ಮಾರಿ ಹೊಸದನ್ನು ತಂದು, ಅದೂ ನನ್ನ ಬೆನ್ನಿಗೆ ಒಗ್ಗದೆ ಹೋದರೆ ಗಾಡಿಯೂ ಹೋಯಿತು, ತಿರುಗಾಟವೂ ಹೋಯಿತು. ಹಳೆಯದು ಅಂಗಳದಲ್ಲಿ ನಿಂತಿರುವಷ್ಟು ದಿನ, ಎಂದೋ ಒಂದು ದಿನ ಮತ್ತೆ ಏರಿ ಕೂರುತ್ತೇನೆ ಎಂದು ಅಂದುಕೊಳ್ಳಲಿಕ್ಕಾದರೂ ಆಗುತ್ತದೆ. ಈ ಮಾತನ್ನು ಅವರಿಗೆ ಬಿಡಿಸಿ ಹೇಳಲಿಲ್ಲ. ಮಗಳು ಮೈಸೂರಿನಿಂದ ಫೋನ್ ಮಾಡಿ, "ಇಬ್ರಿಗೂ ವಯಸ್ಸಾಯ್ತು, ಕಾರ್ ತಗೊಳ್ಳಿ," ಎಂದಳು. ನಾವಿಬ್ಬರೂ ಒಟ್ಟಿಗೇ "ಸುಮ್ನಿರು" ಎಂದೆವು. ಅಷ್ಟರಮಟ್ಟಿಗೆ ಒಮ್ಮತವಿತ್ತು.

ನಮ್ಮವರು ಹಟ ಬಿಡುವ ಕುಳವಲ್ಲ. ಮಾರಬೇಡ ಎಂದರೆ ಬೇಡ, ಸೀಟನ್ನಾದರೂ ಸರಿ ಮಾಡುತ್ತೇನೆ ಎಂದು ಹೊರಟರು. ಕೊಳ್ಳೇಗಾಲದ ಸೀಟು ಹೊಲಿಯುವ ಅಂಗಡಿಯಲ್ಲಿ ಸ್ಪಂಜು ಹಾಕಿಸಿದರು. ಸಾಲದು ಎಂದು ಅದರ ಮೇಲೆ ಇನ್ನೊಂದು ಸ್ಪಂಜು. ಅದರ ಮೇಲೆ ಗಾಳಿ ತುಂಬುವ ದಿಂಬು. ಕೊನೆಗೆ ಸೀಟು ಎಷ್ಟು ಎತ್ತರವಾಯಿತೆಂದರೆ ಅದರ ಮೇಲೆ ಕೂತರೆ ಅಂಬಾರಿಯ ಮೇಲೆ ಕೂತ ಹಾಗೆ, ಯಜಮಾನರ ತಲೆಯ ಮೇಲಿಂದ ನನಗೆ ದಾರಿ ಕಾಣುತ್ತಿತ್ತು. ಬೀದಿಯವರು ನಕ್ಕರು. ನನಗೂ ನಗು ಬಂತು. ಇದರಿಂದ ಸರಿಹೋಗುತ್ತದೆ ಎಂಬ ಆಸೆಯೂ ಬಂತು.

ಡಾಕ್ಟರು ಹೇಳಿದ ವ್ಯಾಯಾಮವನ್ನು ನಾಲ್ಕು ದಿನ ಮಾಡಿ, ನಾಲ್ಕು ದಿನ ಬಿಟ್ಟು, ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆಗೆ ಹೊರಟೆವು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಬರುವುದು, ಬೆನ್ನು ತಡೆದರೆ ಗಾಡಿ ಉಳಿಸಿಕೊಳ್ಳುವುದು, ಹೀಗೆ ಮಾತಾಯಿತು. ದಾರಿಯಲ್ಲಿ ಗದ್ದೆಗಳು ಹಸಿರಾಗಿದ್ದವು. ಮಾಂಬಳ್ಳಿ ಹತ್ತಿರ ಎಡಗಾಲಿನ ಬೆರಳುಗಳಲ್ಲಿ ಜುಮುಜುಮು ಶುರುವಾಯಿತು. ನಾನು ಭುಜ ತಟ್ಟಲಿಲ್ಲ. ಹಲ್ಲು ಕಚ್ಚಿ ಕೂತೆ. ಇನ್ನು ಸ್ವಲ್ಪ, ಯಳಂದೂರು ಬರಲಿ, ಟೀ ಕುಡಿಯೋಣ, ಸರಿಹೋಗುತ್ತದೆ.

ಯಳಂದೂರು ನನ್ನ ತವರು. ಬಸ್‌ಸ್ಟ್ಯಾಂಡಿನ ಮುಂದೆ ಗಾಡಿ ನಿಂತಿತು. ನಮ್ಮವರು ಇಳಿಯಲು ಹೇಳಿದರು. ನನಗೆ ಇಳಿಯಲಾಗಲಿಲ್ಲ. ಎಡಗಾಲು ನನ್ನದೇ ಅಲ್ಲ ಎನ್ನುವ ಹಾಗೆ ನೇತಾಡುತ್ತಿತ್ತು. "ಏನಾಯ್ತು? ಇಳಿ," ಎಂದು ಅವರು ತಿರುಗಿ ನೋಡಿದಾಗ ನನ್ನ ಮುಖ ಹೇಗಿತ್ತೋ, ಅವರ ಮುಖದ ಬಣ್ಣವೇ ಹೋಯಿತು. ಹೂ ಮಾರುವ ಹೆಂಗಸೊಬ್ಬಳು ಓಡಿ ಬಂದು ನನ್ನ ಸೊಂಟ ಹಿಡಿದಳು, ಅವರು ಕಂಕುಳಿಗೆ ಕೈ ಕೊಟ್ಟರು. ನಾನು ಹುಟ್ಟಿ ಬೆಳೆದ ಊರಿನ ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲರೂ ನೋಡುತ್ತಿದ್ದ ಹಾಗೆ, ಅಂಬಾರಿಯಿಂದ ಮೂಟೆಯ ಹಾಗೆ ನನ್ನನ್ನು ಇಳಿಸಿದರು. ಕಲ್ಲು ಬೆಂಚಿನ ಮೇಲೆ ಮಲಗಿ ಅರ್ಧ ಗಂಟೆಯ ಮೇಲೆ ಕಾಲಿಗೆ ಜೀವ ಬಂತು. ಬೆಟ್ಟದ ಮಾತು ಯಾರೂ ಎತ್ತಲಿಲ್ಲ.

ನನ್ನನ್ನು ಕೊಳ್ಳೇಗಾಲದ ಬಸ್ಸು ಹತ್ತಿಸಿದರು. ಕಂಡಕ್ಟರು ಕುಲುಕು ಕಡಿಮೆ ಇರುವ ಕಡೆ ಕಿಟಕಿ ಸೀಟು ಬಿಡಿಸಿ ಕೊಟ್ಟ. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಕಿಟಕಿಯ ಪಕ್ಕದಲ್ಲೇ ಆ ಸದ್ದು. ನೋಡಿದರೆ ನಮ್ಮವರು ಗಾಡಿಯನ್ನು ಬಸ್ಸಿನ ಪಕ್ಕಕ್ಕೇ ತಂದು ಕಿಟಕಿಯೊಳಗೆ ನನ್ನನ್ನು ನೋಡುತ್ತಿದ್ದಾರೆ. ಎದುರಿಗೆ ವಾಹನ ಬಂದರೆ ಹಿಂದೆ ಸರಿಯುವುದು, ಹೋದ ಮೇಲೆ ಮತ್ತೆ ಪಕ್ಕಕ್ಕೆ ಬರುವುದು. ಅಗರ, ಮಾಂಬಳ್ಳಿ, ದಾರಿಯುದ್ದಕ್ಕೂ ಇದೇ. ಕಂಡಕ್ಟರು ಬಾಗಿ ನೋಡಿ, "ಅದ್ಯಾರವ್ವ, ನಮ್ ಬಸ್ಸಿಗೆ ಬೆಂಗಾವಲು ಬತ್ತಾವ್ರೆ?" ಎಂದು ಕೇಳಿದ. "ನಮ್ಮನೆಯವ್ರು ಕಣಪ್ಪ," ಎಂದೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ನಾನು ನಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವರು ಗಾಡಿ ಓಡಿಸುವುದನ್ನು ನಾನು ಹೀಗೆ ಹೊರಗಿನಿಂದ, ಇಷ್ಟು ಹೊತ್ತು ನೋಡಿದ್ದೇ ಇಲ್ಲ ಎನ್ನುವುದು ಆವಾಗ ಹೊಳೆಯಿತು. ನನಗೆ ಗೊತ್ತಿದ್ದದ್ದು ಅವರ ಬೆನ್ನು, ಕುತ್ತಿಗೆಯ ಹಿಂದಿನ ಮಚ್ಚೆ, ಬೆವರಿನ ಗುರುತು. ಈಗ ಕಂಡದ್ದು ಮುಖ. ಗಲ್ಲದ ಗಡ್ಡ ಬೆಳ್ಳಗಾಗಿತ್ತು. ಕಣ್ಣು ದಾರಿಯ ಮೇಲಿರಲಿಲ್ಲ, ದಾರಿ ಬಿಟ್ಟು ಬೇರೇನೂ ನೋಡದ ಮನುಷ್ಯ ಕಿಟಕಿಯನ್ನೇ ನೋಡುತ್ತಿದ್ದರು. ಅವರ ಹಿಂದೆ ಆ ಎತ್ತರದ ಸೀಟು, ಸ್ಪಂಜಿನ ಮೇಲೆ ಸ್ಪಂಜು, ಅದರ ಮೇಲೆ ಯಾರೂ ಇಲ್ಲ. ರಜೆಗೆ ನೀವೊಬ್ಬರೇ ಹೋಗಿ ಬನ್ನಿ ಎಂದಿದ್ದೆನಲ್ಲ, ಒಬ್ಬರೇ ಹೋದರೆ ಹೀಗೆ ಕಾಣುತ್ತಾರೆ ಇವರು ಎಂದು ಗೊತ್ತಾಯಿತು. ಕೊಳ್ಳೇಗಾಲದಲ್ಲಿ ಬಸ್ಸಿಳಿದವಳೇ, "ಮಾರ್ಬುಡಿ ಕಣ್ರೀ," ಎಂದೆ.

ಆಮೇಲೆ ವ್ಯಾಯಾಮ ತಪ್ಪಿಸಲಿಲ್ಲ. ನಮ್ಮತ್ತೆ ಎದುರಿಗೆ ಕೂತು ಮೇಷ್ಟ್ರ ಹಾಗೆ ಲೆಕ್ಕ ಹಾಕಿಸಿ ಮಾಡಿಸಿದರು. ಎರಡು ತಿಂಗಳಾದ ಮೇಲೆ ಮೈಸೂರಿನ ಶೋರೂಮಿಗೆ ಹೋದೆವು. ಅಲ್ಲಿನ ಹುಡುಗ ಬಹಳ ಚುರುಕು. "ಸರ್, ಇದರ ಪಿಕಪ್ ನೋಡಿ, ಇದರ ಬ್ರೇಕ್ ನೋಡಿ, ಮೊದಲು ಹ್ಯಾಂಡಲ್ ಹಿಡಿದು ಕೂತು ನೋಡಿ ಸರ್," ಎಂದು ಇವರ ಹಿಂದೆ ಬಿದ್ದ. ಇವರು ಹ್ಯಾಂಡಲನ್ನು ಮುಟ್ಟಲೇ ಇಲ್ಲ.

"ನನ್ನ ಬುಡಪ್ಪ, ನಾನ್ ಎಲ್ಲಾದ್ರೂ ಕೂತ್ಕೋತೀನಿ. ಇವ್ರನ್ನ ಇಂದೆ ಕೂರ್ಸಿ ನೋಡಾನ ಮೊದ್ಲು," ಎಂದರು.

ಹುಡುಗನಿಗೆ ಇಂಥ ಗಿರಾಕಿ ಅದೇ ಮೊದಲಿರಬೇಕು. ಸಾಲಾಗಿ ನಿಲ್ಲಿಸಿದ್ದ ಎಲ್ಲ ಗಾಡಿಗಳ ಹಿಂದಿನ ಸೀಟಿನ ಮೇಲೂ ನನ್ನನ್ನು ಕೂರಿಸಿದರು. ನಮ್ಮವರು ಪಕ್ಕದಲ್ಲಿ ನಿಂತು, "ಕಾಲು ಎಂಗದೆ? ಸೊಂಟ ಎಂಗದೆ?" ಎಂದು ಕೇಳುತ್ತ ಹೋದರು. ಅಗಲ ಸೀಟಿನ, ಬೆನ್ನಿಗೆ ಒರಗು ಇದ್ದ, ಪಾದ ಊರಲು ಪಟ್ಟಿ ಇದ್ದ ಒಂದು ಬೂದು ಬಣ್ಣದ ಗಾಡಿಯ ಮೇಲೆ ಕೂತಾಗ ನಾನು ತುಸು ಹೊತ್ತು ಇಳಿಯಲಿಲ್ಲ. ಅವರಿಗೆ ಅಷ್ಟು ಸಾಕಾಯಿತು. ಆ ಗಾಡಿಯ ಎಂಜಿನ್ ಎಷ್ಟು ಎನ್ನುವುದನ್ನು ಅವರು ಕೇಳಿದ್ದು ಮನೆಗೆ ಬಂದ ಮೇಲೆ, ನನ್ನನ್ನು. ನನಗೇನು ಗೊತ್ತು?

ಹಳೆಯದನ್ನು ಕೊಳ್ಳಲು ಬಂದವರು ರಾಮಾಪುರದ ರೈತರು, ನಮ್ಮವರ ವಯಸ್ಸಿನವರೇ. ಬೆಲೆಯ ಮಾತು ಕ್ಷಣದಲ್ಲಿ ಮುಗಿಯಿತು. ಅವರು ಗಾಡಿಯ ಸುತ್ತ ಒಂದು ಸುತ್ತು ಬಂದು ಟ್ಯಾಂಕಿನ ಮೇಲೆ ಕೈಯಾಡಿಸಿದರು.

"ಸಾ, ಮಳೆಗಾಲ್ದಲ್ಲಿ ಕರೆಂಟ್ ಓಗಿ ಕತ್ಲಲ್ಲಿ ಕೂತಿರ್ತಿದ್ವಲ್ಲ, ಈ ಗಾಡಿ ಸದ್ದು ಕೇಳುದ್ರೆ ಸಾಕು, ನಮ್ಮವ್ವ ದೀಪ ಆರ್ಸ್ಬುಡೋಳು. ಲೈನ್‌ಮ್ಯಾನ್ ಬಂದ್ರು, ಇನ್ನೇನು ಕರೆಂಟ್ ಬತ್ತದೆ ಅನ್ನೋಳು. ಅದ್ಕೇ ತಕಂತಾ ಇವ್ನಿ," ಎಂದರು.

ನಮ್ಮವರು ಬೇರೆ ಕಡೆ ಮುಖ ತಿರುಗಿಸಿಕೊಂಡರು. ನನ್ನನ್ನು ಹನೂರಿನಲ್ಲಿ ಇಳಿಸಿದ ಮೇಲೆ ಆ ಗಾಡಿ ಎಲ್ಲೆಲ್ಲಿ ಏನೇನು ಬೆಳಕು ಕೊಟ್ಟು ಬರುತ್ತಿತ್ತು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅತ್ತೆ ಚಕ್ರಕ್ಕೆ ನೀರು ಹಾಕಿ ಅರಿಶಿನ ಕುಂಕುಮ ಇಟ್ಟರು. ಒಂದು ಬಾಳೆಹಣ್ಣನ್ನು ಹ್ಯಾಂಡಲಿಗೆ ಮುಟ್ಟಿಸಿ ದಾರಿಯಲ್ಲಿ ಹೋಗುತ್ತಿದ್ದ ಹಸುವಿಗೆ ಕೊಟ್ಟರು. ಎಲ್ಲ ಮುಗಿಯಿತು, ಇನ್ನು ಹೊರಡುವುದು ಎನ್ನುವಾಗ ಗಾಡಿಯ ಕೀ ಇಲ್ಲ. ಗಾಡಿಯಲ್ಲೇ ಇತ್ತು, ನಾನೇ ನೋಡಿದ್ದೆ. ನಮ್ಮವರು ಜೇಬು ತಡಕಿದರು. ನಾನು ಟಿವಿಯ ಮೇಲೆ, ದೇವರ ಮನೆಯಲ್ಲಿ, ಅಡುಗೆ ಮನೆಯಲ್ಲಿ ಹುಡುಕಿದೆ. ಇನ್ನೊಂದು ಕೀ ಕನ್ಯಾಕುಮಾರಿಯಲ್ಲಿ ಸಮುದ್ರದ ಪಾಲಾಗಿ ಎಷ್ಟೋ ಕಾಲವಾಗಿತ್ತು. ಕೊಳ್ಳಲು ಬಂದವರೂ ಬಗ್ಗಿ ಅಂಗಳವೆಲ್ಲ ಹುಡುಕಿದರು. ಅತ್ತೆ ಮಾತ್ರ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ಏನೂ ಆಗದವರ ಹಾಗೆ. ನನಗೆ ಅನುಮಾನ ಬಂತು.

"ಅತ್ತೆಮ್ಮ, ಗಾಡಿ ಕೀ ನೋಡುದ್ರಾ?"

"ನನ್ನತ್ರದೆ," ಎಂದು ಎಲೆ ಅಡಿಕೆಯ ಚೀಲ ತೋರಿಸಿದರು.

"ಕೊಡವ್ವ, ಅವ್ರು ಓಗ್ಬೇಕು," ಎಂದರು ನಮ್ಮವರು.

"ಕೊಡಕಾಯ್ತದಾ? ಅಸ ಮಾರುವಾಗ ಯಾರಾರಾ ಅದ್ರ ಕತ್ತಿನ ಅಗ್ಗ ಕೊಟ್ಟಾರಾ? ಅಗ್ಗ ಕೊಟ್ರೆ ಮನೆ ಲಕ್ಸ್ಮಿ ಅದ್ರಿಂದೇನೇ ಓಯ್ತಾಳೆ. ಅಸ ಅವ್ರು ಒಡ್ಕಂಡೋಗ್ಲಿ. ಅಗ್ಗ ನಮ್ದು."

"ಅವ್ವ, ಅದು ಅಸ ಅಲ್ಲ ಕಣವ್ವ. ಕೀ ಇಲ್ದಿದ್ರೆ ಅದು ನಡಿಯಾಕಿಲ್ಲ."

"ಅಸ ಅಲ್ದಿದ್ರೆ ಏನು? ಇಷ್ಟು ವರ್ಸ ಅನ್ನ ಆಕ್ಲಿಲ್ವಾ ನಿಂಗೆ? ನಿನ್ನೆಂಡ್ತಿ ಮಗೂನ ಬೀಳಿಸ್ದಂಗೆ ಒತ್ಕಂಡ್ ತಿರುಗ್ಲಿಲ್ವಾ?"

ನನಗೆ ನಗು ಒಂದು ಕಡೆ, ಬಂದವರ ಮುಂದೆ ಸಂಕೋಚ ಒಂದು ಕಡೆ. ಆದರೆ ಆ ರಾಮಾಪುರದವರು ನಗಲೂ ಇಲ್ಲ, ರೇಗಲೂ ಇಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಜಗಲಿಯ ತುದಿಯಲ್ಲಿ ಕೂತರು.

"ನಿಮ್ಮವ್ವ ಏಳಾದು ಸರಿಯಾಗದೆ ಸಾ. ನಮ್ಮ ಕಡೆಗೂ ಅಗ್ಗ ಕೊಡಾಕಿಲ್ಲ. ತಕಳಕೆ ಬಂದೋನು ಅಗ್ಗ ತರ್ಬೇಕು. ತಪ್ಪು ನಂದೇಯ, ಬರಿಗೈಲಿ ಬಂದ್ಬುಟ್ಟೆ," ಎಂದರು.

ಆಮೇಲೆ ತಾವೇ ಪೇಟೆಗೆ ಹೋಗಿ ಹೊಸ ಬೀಗ, ಹೊಸ ಕೀ ಕೊಂಡು ಒಬ್ಬ ಮೆಕ್ಯಾನಿಕ್ಕನನ್ನು ಕರೆದುಕೊಂಡು ಬಂದರು. ಇಂಥ ವ್ಯಾಪಾರವನ್ನು ತಾನು ಕಂಡಿಲ್ಲ ಎಂದು ಮೆಕ್ಯಾನಿಕ್ಕು ಗೊಣಗುತ್ತಲೇ ಹಳೆಯ ಬೀಗ ಬಿಚ್ಚಿ ಹೊಸದು ಕೂರಿಸಿದ. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅತ್ತೆ ಎಲ್ಲರಿಗೂ ಎಲೆ ಹಾಕಿ ಬಡಿಸಿದರು. ಗಾಡಿ ಕೊಳ್ಳಲು ಬಂದವರು ನೆಂಟರ ಹಾಗೆ ಉಂಡು, ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ತಮ್ಮ ಹಗ್ಗದಿಂದ ತಮ್ಮ ಹಸು ಹೊಡೆದುಕೊಂಡು ಹೋದರು. ಸದ್ದು ಬೀದಿಯ ತಿರುವು ದಾಟಿ, ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಸೇರಿ ಹೋಗುವವರೆಗೆ ನಾವು ಮೂವರೂ ಬಾಗಿಲಲ್ಲೇ ನಿಂತಿದ್ದೆವು. ನನಗೆ ಅಳು ತಡೆಯಲಾಗಲಿಲ್ಲ. ಅತ್ತದ್ದು ದುಃಖಕ್ಕೆ ಎಂದು ಅವರಿಬ್ಬರೂ ತಿಳಿದರು. ಅಷ್ಟೇ ಅಲ್ಲ. ಒಂದು ಯಂತ್ರಕ್ಕೆ ಇಷ್ಟು ಮರ್ಯಾದೆ ಮಾಡಿ ಕಳಿಸುವ ಮನೆಯಲ್ಲಿ, ಅದನ್ನು ಇಷ್ಟು ಮರ್ಯಾದೆಯಿಂದ ಕೊಂಡು ಹೋಗುವವರ ನಡುವೆ ಬದುಕಿದ್ದೇನಲ್ಲ ಎಂದು ಮನಸ್ಸು ತುಂಬಿ ಬಂದಿತ್ತು.

ಹೊಸ ಗಾಡಿ ಬಂತು. ಸದ್ದೇ ಇಲ್ಲ. ಅತ್ತೆಗೆ ಅದೊಂದು ದೊಡ್ಡ ತಕರಾರು, ಬಂದದ್ದೂ ಗೊತ್ತಾಗುವುದಿಲ್ಲ ಹೋದದ್ದೂ ಗೊತ್ತಾಗುವುದಿಲ್ಲ, ಎಸರಿಡುವುದು ಯಾವಾಗ ಎಂದು. ನನ್ನ ಚಿಂತೆ ನನಗೆ. ಬೀದಿಯಲ್ಲಿ ಒಂದು ಸುತ್ತು, ಮಧುವನಹಳ್ಳಿಯವರೆಗೆ ಒಂದು ಸುತ್ತು, ಇಷ್ಟೇ ಆಗಿತ್ತು. ನಿಜವಾದ ಪರೀಕ್ಷೆ ಬಾಕಿ ಇತ್ತು. ಮತ್ತೊಂದು ಭಾನುವಾರ ಅದೇ ಯಳಂದೂರಿನ ದಾರಿ ಹಿಡಿದೆವು. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಕಾಲು ಹೇಗಿದೆ ನೋಡಿ, ಸರಿ ಇದ್ದರೆ ಮಾತ್ರ ಬೆಟ್ಟ ಎಂದು ಮಾತಾಗಿತ್ತು. ಇಲ್ಲದಿದ್ದರೆ ಏನು ಎನ್ನುವುದನ್ನು ಇಬ್ಬರೂ ಆಡಲಿಲ್ಲ.

ನಾನು ಉಸಿರು ಬಿಗಿ ಹಿಡಿದು ಕೂತಿದ್ದೆ. ಅಕ್ಕಪಕ್ಕ ಏನಿದೆ ಎಂದೂ ನೋಡಲಿಲ್ಲ. ನನ್ನ ಗಮನವೆಲ್ಲ ಎಡಗಾಲಿನ ಬೆರಳಿನ ಮೇಲೆ. ಮಾಂಬಳ್ಳಿ ಹತ್ತಿರ ಬರುತ್ತಿತ್ತು, ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಎಂದು ಕಾಯುತ್ತಿದ್ದೆ. ಆಗ ಏನೋ ಕೇಳಿಸಿತು. ಮೊದಲು ಗಾಡಿಯದೇ ಸದ್ದು, ಹೊಸದರಲ್ಲೇ ಏನೋ ಕೆಟ್ಟಿತು ಎಂದುಕೊಂಡೆ. ಕಿವಿಗೊಟ್ಟೆ. ಅದು ಮುಂದಿನ ಹೆಲ್ಮೆಟ್ಟಿನೊಳಗಿಂದ ಬರುತ್ತಿತ್ತು. ನಮ್ಮ ಯಜಮಾನರು ಹಾಡುತ್ತಿದ್ದರು.

ಮನೆಯಲ್ಲಿ ಒಂದು ದಿನ ಗುನುಗಿದವರಲ್ಲ. ದೇವರ ಮುಂದೆ ಮಂಗಳಾರತಿಗೂ ಬಾಯಿ ಬಿಡದ ಮನುಷ್ಯ. ಧಾಟಿ ಮಾದಪ್ಪನ ಪದದ್ದು, ಮಾತುಗಳು ಅವರವೇ. ಗುಂಡಿ ಬಂದರೆ ಗುಂಡಿ, ಲಾರಿ ಬಂದರೆ ಲಾರಿ, ಕಂಡದ್ದನ್ನೆಲ್ಲ ಸೇರಿಸಿಕೊಂಡು ಹೋಗುತ್ತಿದ್ದರು. ತಾಳವೂ ಇಲ್ಲ, ಶ್ರುತಿಯೂ ಇಲ್ಲ. ಪ್ರತಿ ಸಾಲೂ ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ನನ್ನಿಂದೆ ಕೂತೋಳ ಬೆನ್ನ ಕಾಯೋ ಮಾದೇವ.

ನಾನು ಮುಂದಕ್ಕೆ ಬಾಗಿ, "ರೀ, ಇದ್ಯಾವಾಗಿಂದ?" ಎಂದು ಕೇಳಿದೆ.

"ಯಾವ್ದು?"

"ಹಾಡು."

"ಮೊದ್ಲಿಂದ್ಲೂ ಆಡ್ತೀನಲ್ಲ. ಗಾಡಿ ತಂದ ದಿನದಿಂದ್ಲೂ. ಬೆನ್ನು ಅನ್ನೋದ ಈಗ ಸೇರಿಸ್ಕಂಡೆ. ಮೊದ್ಲು ಬರೀ ಕೂತೋಳ ಕಾಯೋ ಅಂತಿದ್ದೆ." ಆಮೇಲೆ ಕೇಳಿದರು, "ಯಾಕೆ, ನಿಂಗ್ ಕೇಳ್ತಿರ್ಲಿಲ್ವಾ?"

"ಆ ಸದ್ದಿನಲ್ಲಿ ಎಂಗ್ ಕೇಳಾದು?"

"ಮತ್ತೆ ನನ್ ಬೆನ್ನಿಗೆ ಒರಗ್ಕಂಡ್ ಕೂತಿರ್ತಿದ್ದಲ್ಲ? ಪದ ಕೇಳ್ತಾವ್ಳೆ ಅನ್ಕಂಡಿದ್ದೆ."

"ನಿದ್ದೆ ಮಾಡ್ತಿದ್ದೆ ಕಣ್ರೀ."

ರಾಮೇಶ್ವರದವರೆಗೆ, ಪಂಢರಾಪುರದವರೆಗೆ, ಮಳೆಯ ಘಾಟಿಯಲ್ಲಿ, ದಿನವೂ ಹನೂರಿನ ದಾರಿಯಲ್ಲಿ ಹಿಂದೆ ಕೂತವಳನ್ನು ಕಾಯೋ ಎಂದು ಇವರು ಹಾಡುತ್ತ ಹೋಗಿದ್ದಾರೆ, ನಾನು ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದೇನೆ. ಕಣ್ಣಲ್ಲಿ ನೀರು ತುಂಬಿತು. ಹೆಲ್ಮೆಟ್ಟಿನ ಗಾಜು ಎತ್ತಿ ಒರೆಸಿಕೊಂಡೆ.

"ನಿಲ್ಲಿಸ್ಬ್ಯಾಡಿ, ಜೋರಾಗಿ ಹೇಳಿ," ಎಂದೆ.

ಅವರಿಗೆ ನಾಚಿಕೆಯಾಯಿತು. ಒಂದೆರಡು ಸಲ ಕೆಮ್ಮಿದರು. ಆಮೇಲೆ ಶುರು ಮಾಡಿದರು, ಮೊದಲು ಮೆಲ್ಲಗೆ, ಆಮೇಲೆ ಹೊಲದಲ್ಲಿದ್ದವರು ತಿರುಗಿ ನೋಡುವ ಹಾಗೆ. ನಾನು ಅವರ ಬೆನ್ನಿಗೆ ಕಿವಿಯಿಟ್ಟು ಕೂತೆ. ಕಾಲಿನ ಬೆರಳು ಮರೆತೇ ಹೋಯಿತು. ಬೆಟ್ಟದ ಬುಡದ ಫಾರೆಸ್ಟ್ ಗೇಟಿನಲ್ಲಿ ಗಾರ್ಡು ಕೈ ಅಡ್ಡ ಹಿಡಿದಾಗಲೇ ಗೊತ್ತಾದದ್ದು, ಯಳಂದೂರಿನಲ್ಲಿ ನಿಲ್ಲಿಸಲು ನಾವಿಬ್ಬರೂ ಮರೆತಿದ್ದೆವು.